ಮಣ್ಣು ಒಗೆಯುವ ಅಕ್ಕ

ನಮ್ಮ ಅಕ್ಕ ಮಣ್ಣು ಒಗೆಯುತ್ತಾಳೆ. ಹೀಗಂದ ಕೂಡಲೇ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಇವಳಿಗೆ ತಲೆಗಿಲೆ ಕೆಟ್ಟಿದೆಯೇನೋ ಎಂದು ನನ್ನ ಮುಖ ನೋಡುತ್ತಾರೆ. ನೋಡಲಿ. ಬಟ್ಟೆಗೆ ಹತ್ತಿದ ಜಿಡ್ಡನ್ನು ತೆಗೆಯಬಹುದಾದರೆ ಮಣ್ಣಿಗೆ ಹತ್ತಿದ ಡೀಸೆಲನ್ನು ಯಾಕೆ ತೆಗೆಯಬಾರದು ಎಂದು ನಾನು ಸೊಂಟಕ್ಕೆ ಕೈಯಿಟ್ಟು ಕೇಳುತ್ತೇನೆ. ಅಕ್ಕ ಈ ಕೆಲಸಕ್ಕೆ ಸೇರಿದ ದಿನ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ, ಆದರೆ ಅದನ್ನು ಈಗ ಯಾರೂ ನೆನಪಿಸಬೇಕಾಗಿಲ್ಲ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ವಾರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ವಾರಗಿತ್ತಿಯರಿಬ್ಬರು ಒಂದೇ ಒಲೆಯ ಮುಂದೆ ಇಷ್ಟು ವರ್ಷ ಬಾಳಿದ್ದಾರೆ ಎಂದರೆ ಬೀದಿಯಲ್ಲಿ ಯಾರಿಗೂ ನಂಬಿಕೆ ಬರುವುದಿಲ್ಲ, ಅದಕ್ಕೆ ಕಾರಣ ನನ್ನ ಬಾಯಿ. ನಾನು ಮಾತಾಡಿದರೆ ಬೀದಿಯ ಆ ತುದಿಗೆ ಕೇಳಿಸುತ್ತದೆ. ಅಕ್ಕ ಮಾತಾಡಿದರೆ ಪಕ್ಕದಲ್ಲಿ ನಿಂತವರೂ ಬಗ್ಗಿ ಕಿವಿ ಕೊಡಬೇಕು. ಜಗಳಕ್ಕೆ ಎರಡು ಬಾಯಿ ಬೇಕಲ್ಲ, ನಮ್ಮ ಮನೆಯಲ್ಲಿ ಇದ್ದದ್ದು ಒಂದೇ. ಹಾಗಾಗಿ ಮನೆ ಒಡೆಯಲಿಲ್ಲ.

ಮನೆಯ ಮುಂಭಾಗ ನಮ್ಮ ಲಾಂಡ್ರಿ, ಅದರ ಹಿಂದೆ ಅಡುಗೆಮನೆ ಮತ್ತು ಮಲಗುವ ಕೋಣೆಗಳು. ಮೇಲೆ ತಾರಸಿ. ತಾರಸಿಯಲ್ಲಿ ಅರ್ಧ ನನ್ನ ಬಟ್ಟೆ ಒಣಹಾಕುವ ಹಗ್ಗಗಳು, ಇನ್ನರ್ಧ ಮಾವನ ತೋಟ. ತೋಟ ಅಂದರೆ ನೆಲದ ತೋಟವಲ್ಲ. ಎಣ್ಣೆ ಡ್ರಮ್ಮುಗಳನ್ನು ಅಡ್ಡಕ್ಕೆ ಕೊಯ್ದು, ತೊಳೆದು, ಮಣ್ಣು ತುಂಬಿ, ಅದರಲ್ಲಿ ಟೊಮೆಟೊ, ಮೆಣಸಿನಕಾಯಿ, ಒಂದಷ್ಟು ಸೊಪ್ಪು ಬೆಳೆಯುತ್ತಿದ್ದರು. ಮನೆಯ ಹಿಂಗೋಡೆಗೆ ಅಂಟಿಕೊಂಡೇ ಹಳೆಯ ಬಸ್ ಡಿಪೋದ ಅಂಗಳ. ಡಿಪೋ ಊರಾಚೆಗೆ ಹೋಗಿ, ಶೆಡ್ಡಿನ ತಗಡು ಹೋಗಿ, ಕೊನೆಗೆ ಕಂಬಗಳೂ ಹೋಗಿ, ಕಪ್ಪು ನೆಲ ಒಂದು ಮಾತ್ರ ಉಳಿದಿತ್ತು. ಹುಲ್ಲು ಕೂಡ ಅಲ್ಲಿ ತಲೆಯೆತ್ತುತ್ತಿರಲಿಲ್ಲ.

ಮಾವ ಅದೇ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಪ್ರಾಯವೆಲ್ಲ ರಿಪೇರಿ ಗುಂಡಿಯಲ್ಲೇ ಕಳೆಯಿತು. ಬಸ್ಸು ಮೇಲೆ, ಇವರು ಗುಂಡಿಯೊಳಗೆ. ಬೇರಿಂಗ್ ತೊಳೆಯುವುದಕ್ಕೂ ಡೀಸೆಲ್, ಸ್ಪ್ಯಾನರ್ ತೊಳೆಯುವುದಕ್ಕೂ ಡೀಸೆಲ್, ಕೊನೆಗೆ ಕೈ ತೊಳೆಯುವುದಕ್ಕೂ ಅದೇ. ತೊಳೆದಾದ ಮೇಲೆ ಡಬ್ಬಿಯನ್ನು ಎತ್ತಿ ನೆಲಕ್ಕೆ ಸುರಿಯುವುದು. ಡಿಪೋದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು, ತಪ್ಪು ಅಂತ ಹೇಳುವವರು ಯಾರೂ ಇರಲಿಲ್ಲ. "ನೆಲ ಕುಡ್ಕೊಳತ್ತೆ ಬಿಡು," ಎನ್ನುತ್ತಿದ್ದರಂತೆ. ನೆಲ ಕುಡಿಯಿತು, ಜೀರ್ಣವಾಗಲಿಲ್ಲ ಅಷ್ಟೇ.

ಅಕ್ಕ ಈ ಮನೆಗೆ ಬಂದ ಹೊಸದರಲ್ಲೇ ಡ್ರೈಕ್ಲೀನಿಂಗ್ ಯಂತ್ರದ ಮುಂದೆ ನಿಂತಳು. ಭಾವ ಬಸ್ಸು ಓಡಿಸುತ್ತಾರೆ, ನಮ್ಮವರು ಬಟ್ಟೆ ಮನೆಮನೆಗೆ ತಲುಪಿಸುತ್ತಾರೆ, ಹೀಗಾಗಿ ಅಂಗಡಿ ನಮ್ಮಿಬ್ಬರದೇ ರಾಜ್ಯ. ನೀರಿನ ಒಗೆತ, ಇಸ್ತ್ರಿ ನನ್ನ ಪಾಲು. ನೀರು ತಾಗಬಾರದ ಕೋಟು, ರೇಷ್ಮೆ, ಉಣ್ಣೆ ಅಕ್ಕನ ಪಾಲು. ನನಗೆ ಆ ಯಂತ್ರ ಕಂಡರೆ ಆಗುತ್ತಿರಲಿಲ್ಲ, ಅದರ ವಾಸನೆಗೆ ತಲೆನೋವು. ಅಕ್ಕ ಮಾತ್ರ ಅದಕ್ಕೆ ಕಿವಿಗೊಟ್ಟು ಕೂರುತ್ತಿದ್ದಳು. ಡ್ರಮ್ಮಿನೊಳಗೆ ಬಟ್ಟೆ ಹಾಕು, ನೀರಿನ ಬದಲು ಸಾಲ್ವೆಂಟ್ ಬಿಡು, ತಿರುಗಿಸು. ಬಟ್ಟೆಯ ಜಿಡ್ಡು ಸಾಲ್ವೆಂಟಿಗೆ ಹತ್ತಿಕೊಂಡು ಹೊರಗೆ ಬರುತ್ತದೆ. ಆ ಕೊಳಕು ಸಾಲ್ವೆಂಟನ್ನು ಕಾಯಿಸಿ ಆವಿ ಮಾಡಿ ತಣಿಸಿದರೆ ಅದು ಮತ್ತೆ ತಿಳಿಯಾಗಿ ಕೈಗೆ ಸಿಗುತ್ತದೆ, ಜಿಡ್ಡು ತಳದಲ್ಲಿ ಉಳಿಯುತ್ತದೆ. ಒದ್ದೆ ಬಟ್ಟೆಯನ್ನು ಮಾತ್ರ ಅದರೊಳಗೆ ಹಾಕುವ ಹಾಗಿಲ್ಲ. ಗಿರಾಕಿ ಮಳೆಯಲ್ಲಿ ನೆನೆದ ಕೋಟು ತಂದರೆ ಅಕ್ಕ ಅದನ್ನು ಮೊದಲು ಗಾಳಿಗೆ ತೂಗುಹಾಕುತ್ತಿದ್ದಳು, ಅವರು ಎಷ್ಟೇ ಅವಸರ ಮಾಡಲಿ.

ಯಂತ್ರಕ್ಕೂ ವಯಸ್ಸಾಯಿತು. ಬಿಡಿಭಾಗ ಸಿಗದೆ ಒಂದು ದಿನ ನಿಂತೇಹೋಯಿತು, ಗುಜರಿಯವನು ಬಂದು ಹೊತ್ತುಕೊಂಡು ಹೋದ. ಅದು ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಗುರುತು. ಅಕ್ಕ ಆಮೇಲೆ ನನ್ನ ಜೊತೆ ಇಸ್ತ್ರಿಗೆ ನಿಂತಳು, ಅಂಗಿಗಳನ್ನು ಅಚ್ಚುಕಟ್ಟಾಗಿ ಮಡಚಿದಳು, ಆದರೆ ಆಗಾಗ ಆ ಗುರುತುಗಳ ಕಡೆ ನೋಡುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. "ಅದೇನು ಹೆತ್ತ ಮಗೂನಾ ಅಕ್ಕ, ಹಾಗೆ ನೋಡ್ತೀಯಲ್ಲ," ಎಂದರೆ, "ನೋಡಿದ್ರೆ ನಿಂಗೇನು ನಷ್ಟ," ಎಂದು ಮೆತ್ತಗೆ ನಗುತ್ತಿದ್ದಳು.

ಆಗಲೇ ನಗರಸಭೆಯವರು ಡಿಪೋ ಅಂಗಳವನ್ನು ಶುಚಿ ಮಾಡಿಸಲು ಒಂದು ಕಂಪನಿಯನ್ನು ಕರೆಸಿದರು. ಲಾರಿಗಳು ಬಂದವು, ಟ್ಯಾಂಕುಗಳು ಬಂದವು, ಆಮೇಲೆ ಒಂದು ದೊಡ್ಡ ಉದ್ದನೆಯ ಡ್ರಮ್ಮು ಬಂತು. ಅಕ್ಕ ತಾರಸಿಯ ಮೇಲಿಂದ ಅದನ್ನೇ ನೋಡುತ್ತಾ ನಿಂತಳು, ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಗ್ಗಕ್ಕೆ ಹಾಕುವುದನ್ನೂ ಮರೆತು. ಮಾರನೆಯ ದಿನ ಯಾರಿಗೂ ಹೇಳದೆ ಗೇಟಿಗೆ ಹೋಗಿ ಕೆಲಸ ಕೇಳಿದಳು. ಅಲ್ಲಿದ್ದ ಎಂಜಿನಿಯರ್ ಕನ್ನಡಕದ ಹುಡುಗ, ನಮ್ಮ ತಮ್ಮನ ವಯಸ್ಸಿನವನು. "ಇಂಥ ಯಂತ್ರ ಮುಂಚೆ ನೋಡಿದೀರಾ ಅಮ್ಮ?" ಎಂದು ಕೇಳಿದನಂತೆ.

"ನೋಡಿದೀನಿ ಸರ್. ನಮ್ಮ ಅಂಗಡೀಲಿ ಇದರ ಮರಿ ಇತ್ತು," ಎಂದಳಂತೆ ಅಕ್ಕ.

ಅವನು ನಕ್ಕು, ಕೂತು, ಎಲ್ಲವನ್ನೂ ಬಿಡಿಸಿ ಹೇಳಿಕೊಟ್ಟ. ಒಳ್ಳೆಯ ಮನುಷ್ಯ, ಆ ಮಾತು ಮೊದಲೇ ಹೇಳಿಬಿಡುತ್ತೇನೆ. ಮಣ್ಣನ್ನು ಅಗೆದು ಗುಡ್ಡೆ ಹಾಕಿ, ಬಿಸಿಲಿಗೆ ಒಣಗಿಸಿ, ಕಲ್ಲು ಜರಡಿ ಹಿಡಿದು ಡ್ರಮ್ಮಿಗೆ ತುಂಬುವುದು. ಸಾಲ್ವೆಂಟ್ ಬಿಟ್ಟು ತಿರುಗಿಸುವುದು. ಡೀಸೆಲ್ ಹೊತ್ತ ಸಾಲ್ವೆಂಟನ್ನು ಬಸಿದು ಕಾಯಿಸಿ ಮತ್ತೆ ತಿಳಿ ಮಾಡುವುದು. ಕೊನೆಗೆ ಮಣ್ಣಿಗೆ ಬಿಸಿಗಾಳಿ ಊದಿ ಉಳಿದ ಸಾಲ್ವೆಂಟಿನ ವಾಸನೆಯನ್ನೂ ಹೊರಗೆ ಎಳೆಯುವುದು. ಕಿಡಿ ಹಾರುವ ಯಾವ ಸಾಮಾನೂ ಹತ್ತಿರ ಸುಳಿಯಬಾರದು. ಮುಖಕ್ಕೆ ಇದ್ದಿಲಿನ ಡಬ್ಬಿ ಕಟ್ಟಿದ ಮಾಸ್ಕು, ಮೈಗೆ ಹತ್ತಿಯ ಬಟ್ಟೆ, ಫೋನು ಗೇಟಿನಲ್ಲೇ. ಅಕ್ಕನಿಗೆ ಇದೆಲ್ಲ ತವರುಮನೆಗೆ ಹೋದ ಹಾಗೆ ಆಯಿತು. ನಾನು ಮಾತ್ರ, "ಜನ ಕೆಲಸಕ್ಕೆ ಹೋಗಿ ಮಣ್ಣಾಗ್ತಾರೆ, ನೀನು ಮಣ್ಣಿಗೇ ಕೆಲಸಕ್ಕೆ ಹೋಗ್ತಿದೀಯ," ಎಂದು ಬೀದಿಯವರೆಲ್ಲ ಕೇಳುವ ಹಾಗೆ ನಕ್ಕೆ. ಅಕ್ಕ ಡಬ್ಬಿಗೆ ಊಟ ತುಂಬಿಕೊಂಡು ಹೊರಟಳು.

ಸಂಜೆ ಬಂದವಳೇ ಹಿತ್ತಿಲಲ್ಲಿ ಬಟ್ಟೆ ಬದಲಾಯಿಸಿ, ಸ್ನಾನ ಮಾಡಿ, ಆಮೇಲೆ ಒಳಗೆ ಕಾಲಿಡುತ್ತಿದ್ದಳು. ಬೀದಿಯಲ್ಲಿ ಅವಳ ಹೆಸರು 'ಡ್ರೈಕ್ಲೀನಿಂಗ್ ಅಕ್ಕ' ಹೋಗಿ 'ಮಣ್ಣಕ್ಕ' ಆಯಿತು. ಯಾರಾದರೂ ಹಾಗೆ ಕೂಗಿದರೆ ನನಗೆ ಮೈಯುರಿ. ಅವಳೋ ತಿರುಗಿ ನೋಡಿ ಏನು ಬೇಕು ಎಂದು ಕೇಳುತ್ತಿದ್ದಳು.

ಇತ್ತ ಮಾವನ ಮಂಡಿ ಕೈಕೊಟ್ಟಿತು. ಇನ್ನು ಮೆಟ್ಟಿಲು ಹತ್ತಲೇಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಮೆಟ್ಟಿಲು ಹತ್ತದಿದ್ದರೆ ತಾರಸಿ ಇಲ್ಲ, ತಾರಸಿ ಇಲ್ಲದಿದ್ದರೆ ಗಿಡ ಇಲ್ಲ, ಗಿಡ ಇಲ್ಲದಿದ್ದರೆ ಮಾವ ಏನು ಮಾಡಬೇಕು? ಅತ್ತೆ ಹೋದ ಮೇಲೆ ಮಾವ ಮಾತಾಡುತ್ತಿದ್ದದ್ದೇ ಆ ಟೊಮೆಟೊ ಗಿಡಗಳ ಜೊತೆ. ಡ್ರಮ್ಮುಗಳನ್ನು ಕೆಳಗಿಳಿಸೋಣವೆಂದರೆ ಕೆಳಗೆ ಬಿಸಿಲು ಬೀಳುವ ಒಂದು ಮೊಳ ಜಾಗವಿಲ್ಲ. ಎರಡು ದಿನ ಮಾವ ಅಂಗಡಿಯ ಬೆಂಚಿನ ಮೇಲೆ ಸುಮ್ಮನೆ ಕೂತರು. 

ಅಕ್ಕ ಅವರ ಪಕ್ಕ ಹೋಗಿ ಕೂತಳು. "ಮಾವ, ಮಣ್ಣೆಲ್ಲ ಚೊಕ್ಕ ಆದ್ರೆ ಅಂಗಳ ತೋಟ ಆಗುತ್ತೆ. ಸುತ್ತಲಿನ ಮನೆಯೋರಿಗೆ ಒಂದೊಂದು ಪಾತಿ ಕೊಡ್ತಾರಂತೆ. ಹಿತ್ತಿಲ ಬಾಗಿಲು ತೆಗೆದ್ರೆ ನಿಮ್ಮ ಗಿಡ. ಮೆಟ್ಟಿಲೇ ಬೇಡ."

"ಆ ನೆಲದಲ್ಲಾ?" ಎಂದರು ಮಾವ. "ಆ ನೆಲಕ್ಕೆ ನಾನೇನೇನು ಕುಡಿಸಿದೀನಿ ಅಂತ ನಿಂಗೊತ್ತಿಲ್ಲ ಕಣಮ್ಮ."

"ಗೊತ್ತು. ದಿನಾ ಅದನ್ನೇ ತೆಗೀತಿದೀನಲ್ಲ. ಆಗುತ್ತೆ ಮಾವ, ನಾನು ಮಾಡಿಕೊಡ್ತೀನಿ."

ಅಕ್ಕ ಹಾಗೆಲ್ಲ ಮಾತು ಕೊಡುವವಳಲ್ಲ, ಕೊಟ್ಟ ಮೇಲೆ ಅದನ್ನು ಎದೆಯಲ್ಲಿ ಕಟ್ಟಿಕೊಂಡು ತಿರುಗುವವಳು. ನಗರಸಭೆಯವರು ಹಾಕಿದ ಷರತ್ತೂ ಸುಲಭದ್ದಲ್ಲ. ಒಗೆದ ಪ್ರತಿ ಗುಡ್ಡೆಯಿಂದಲೂ ಸೀಸೆಯಲ್ಲಿ ಮಣ್ಣು ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡುತ್ತಾರೆ. ಪಾಸಾದದ್ದು ಮಾತ್ರ ನೆಲಕ್ಕೆ ವಾಪಸ್ಸು. ಅಂಗಳದ ನಟ್ಟನಡುವಿನ ರಿಪೇರಿ ಗುಂಡಿಯ ಕೆಳಗಿನ ಮಣ್ಣು ಎಲ್ಲಕ್ಕಿಂತ ಕೆಟ್ಟದ್ದು, ಜೇಡಿ ಬೇರೆ. ಅದು ಪಾಸಾಗದಿದ್ದರೆ ಲಾರಿಯಲ್ಲಿ ಊರಾಚೆಯ ಗುಂಡಿಗೆ ಹೋಗುತ್ತದೆ, ಇಲ್ಲಿ ಹಳ್ಳಕ್ಕೆ ಕಾಂಕ್ರೀಟ್ ಸುರಿಯುತ್ತಾರೆ. ನಡುವೆ ಕಾಂಕ್ರೀಟ್ ಬಿದ್ದ ಮೇಲೆ ಸುತ್ತ ತೋಟ ಯಾಕೆ, ಇಡೀ ಜಾಗ ಲಾರಿ ನಿಲ್ಲಿಸಲು ಆಗಲಿ ಎಂದು ಅವರಲ್ಲೇ ಕೆಲವರು ಕಾದು ಕೂತಿದ್ದರು. ಹಾಗಾಗಿ ಮಾವನಿಗೆ ಪಾತಿ ಸಿಗುವುದು ಬಿಡುವುದು ನಿಂತಿದ್ದದ್ದು ಆ ಒಂದು ಗುಡ್ಡೆಯ ಮೇಲೆ.

ಬೇರೆ ಗುಡ್ಡೆಗಳೆಲ್ಲ ಒಂದೊಂದಾಗಿ ಪಾಸಾದವು. ಕೊನೆಗೆ ಆ ಜೇಡಿಮಣ್ಣಿನ ಗುಡ್ಡೆಯನ್ನು ನಮ್ಮ ಹಿಂಗೋಡೆಯ ಪಕ್ಕದಲ್ಲೇ ಒಣಹಾಕಿದರು. ನನ್ನ ಗ್ರಹಚಾರ. ಒಣಗಿದಷ್ಟೂ ಧೂಳು, ಧೂಳು ಬಂದು ಕೂರುವುದು ನನ್ನ ಬಿಳಿ ಬಟ್ಟೆಯ ಮೇಲೆ. ಒಗೆದದ್ದನ್ನೇ ಮತ್ತೆ ಒಗೆದು ನನ್ನ ಕೈ ಸೆಟೆದುಹೋಯಿತು. ನಾನು ಸುಮ್ಮನಿರುವ ಪೈಕಿಯೇ? ಬೆಳಿಗ್ಗೆ ಶುರುಮಾಡಿದರೆ ದೀಪ ಹಚ್ಚುವ ಹೊತ್ತಿನವರೆಗೂ ಗೊಣಗಿದೆ. ಅಕ್ಕ ಕೇಳಿಸಿಕೊಂಡು, "ಇನ್ನು ಸ್ವಲ್ಪ ದಿನ ಕಣೆ," ಎನ್ನುತ್ತಿದ್ದಳು. ಮಾವ ಬೆಂಚಿನ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದರು.

ಗುಡ್ಡೆಯನ್ನು ಒಗೆದರು, ಬಿಸಿಗಾಳಿ ಕೊಟ್ಟರು, ಸೀಸೆಗಳು ಹೋದವು. ಫೇಲು.

ಅವತ್ತು ಅಕ್ಕ ಮನೆಗೆ ಬಂದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸ್ನಾನ ಮಾಡಿ ಬಂದು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತುಬಿಟ್ಟಳು. ನಾನು ಟೀ ಕೊಟ್ಟೆ. "ಹೊರಗೆಲ್ಲ ಚೊಕ್ಕ ಇದೆ ಕಣೆ," ಎಂದಳು. "ಉಂಡೆ ಉಂಡೆಯಾಗಿತ್ತು. ಒಂದು ಉಂಡೆ ಒಡೆದು ನೋಡಿದೆ. ಮೇಲೆ ಬೂದು ಬಣ್ಣ, ಒಳಗೆ ಕಪ್ಪು. ಡೀಸೆಲ್ ಹಾಗೇ ಕೂತಿದೆ. ಸಾಲ್ವೆಂಟ್ ಒಳಗೇ ಹೋಗಿಲ್ಲ."

"ಯಾಕೆ ಹೋಗ್ಲಿಲ್ಲ?"

"ಒದ್ದೆ ಇತ್ತು. ಜೇಡಿ ಒದ್ದೆ ಇದ್ರೆ ಉಂಡೆ ಕಟ್ಟುತ್ತೆ, ನೀರು ಇದ್ದ ಕಡೆ ಸಾಲ್ವೆಂಟ್ ನುಗ್ಗಲ್ಲ. ಅದೇ ಕೋಟಿನ ಕತೆ. ಆದ್ರೆ ಮಳೆ ಬಂದಿಲ್ವಲ್ಲೇ. ದಿನಾ ಸಂಜೆ ನಾನೇ ಟಾರ್ಪಾಲು ಮುಚ್ಚಿ ಬರ್ತೀನಿ. ಮೇಲೆ ಒಣಗಿದ್ದಂಗೆ ಕಾಣ್ತಿತ್ತು, ಒಳಗೆ ಎಲ್ಲಿಂದ ನೀರು ಬಂತು?"

ಹಾಗೆಂದವಳು ಟೀ ಲೋಟ ಕೆಳಗಿಟ್ಟು, ಎದ್ದು, ಮೆಟ್ಟಿಲು ಹತ್ತಿದಳು. ನಾನೂ ಹಿಂದೆ ಹೋದೆ. ತಾರಸಿಯ ಹಿಂಗೋಡೆಯ ಮೇಲೆ ಮಾವನ ನೀರಿನ ಪೈಪು ಮಲಗಿತ್ತು. ಅದರ ಬಾಯಿ ಗಿಡಗಳ ಕಡೆ ಇರಲಿಲ್ಲ, ಗೋಡೆಯಾಚೆಗೆ ಇಳಿಬಿದ್ದಿತ್ತು. ಕೆಳಗೆ ಸರಿಯಾಗಿ ಗುಡ್ಡೆ ಒಣಹಾಕಿದ್ದ ಜಾಗ. ಟೊಮೆಟೊ ಗಿಡಗಳಿಗೂ ಅವತ್ತೇ ನೀರು ಬಿದ್ದಿತ್ತು, ಬುಡ ಹಸಿಯಾಗಿತ್ತು. ಮಂಡಿ ನೋವಿನ ಮುದುಕಪ್ಪ ಮಧ್ಯಾಹ್ನದ ಹೊತ್ತು, ಆಚೆ ಅಂಗಳದ ಕೆಲಸದವರೆಲ್ಲ ಊಟಕ್ಕೆ ಹೋದಾಗ, ನಾನು ಅಂಗಡಿಯಲ್ಲಿ ಮುಳುಗಿದ್ದಾಗ, ಕಳ್ಳನ ಹಾಗೆ ಮೇಲೆ ಹತ್ತಿ ಬರುತ್ತಿದ್ದರು. ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ಲ, ನಮ್ಮ ಮನೆಯಲ್ಲೇ ಎರಡೂ ಇದ್ದವು.

ನನಗೆ ನೆತ್ತಿಗೇರಿತು. ಕೆಳಗೆ ಬಂದು ಮಾವನ ಮುಂದೆ ನಿಂತು ಬಾಯಿಗೆ ಬಂದದ್ದೆಲ್ಲ ಅನ್ನುವುದಕ್ಕೆ ಹೊರಟಿದ್ದೆ. ಅಕ್ಕ ನನ್ನ ತೋಳು ಹಿಡಿದಳು. "ನಾನು ಕೇಳ್ತೀನಿ," ಎಂದು ಮುಂದೆ ಹೋದಳು.

"ಮಾವ, ಮಣ್ಣಿಗೆ ನೀರು ಹಾಕಿದ್ರಾ?"

"ಹೂಂ ಕಣಮ್ಮ. ಒಂಚೂರು." ಅವರ ಮುಖದಲ್ಲಿ ತಪ್ಪಿನ ಸುಳಿವೇ ಇರಲಿಲ್ಲ, ಏನೋ ಉಪಕಾರ ಮಾಡಿದವರ ಹಾಗೆ ಇದ್ದರು. "ಇವಳ ಬಟ್ಟೆಗೆ ಧೂಳು ಅಂತ ದಿನಾ ಒದ್ದಾಡ್ತಿದ್ಲು. ಡಿಪೋದಲ್ಲಿ ನಾವು ಹಾಗೇ ಮಾಡ್ತಿದ್ವಿ. ಎರಡನೇ ಪಾಳಿಗೆ ಮುಂಚೆ ಅಂಗಳಕ್ಕೆಲ್ಲ ನೀರು ಚಿಮುಕಿಸೋದು, ಧೂಳು ಕೂರಲಿ ಅಂತ. ಯಾಕೆ, ಏನಾಯ್ತು?"

ಏನಾಯಿತೆಂದು ಅಕ್ಕ ಹೇಳಿದಳು. ಮುಚ್ಚಿಡಲೂ ಇಲ್ಲ, ಚುಚ್ಚಲೂ ಇಲ್ಲ. ಒದ್ದೆಯಾದರೆ ಯಾಕೆ ಒಗೆತ ಆಗುವುದಿಲ್ಲ ಎಂದು ಕೋಟಿನ ಉದಾಹರಣೆ ಕೊಟ್ಟು ಹೇಳಿದಳು. ಮಾವ ಕೇಳುತ್ತಾ ಕೇಳುತ್ತಾ ತಮ್ಮ ಅಂಗೈಗಳನ್ನು ನೋಡಿಕೊಂಡರು. ಆ ಕೈಗಳ ಗೆರೆಗಳಲ್ಲಿ ಡಿಪೋದ ಕಪ್ಪು ಇನ್ನೂ ಇದೆ, ನನ್ನ ಯಾವ ಸೋಪಿಗೂ ಅದು ಬಗ್ಗಿಲ್ಲ.

"ಅವತ್ತು ಡೀಸೆಲ್ ಸುರಿದೋನೂ ನಾನೇ," ಎಂದರು, "ಇವತ್ತು ನೀರು ಸುರಿದೋನೂ ನಾನೇ." ಆಮೇಲೆ ಮೇಲೆ ಬೆರಳು ತೋರಿಸಿ ನನಗೆ, "ಆ ಪೈಪು ಎತ್ತಿ ಒಳಗಿಡಮ್ಮ. ಇನ್ನು ಮೇಲೆ ನಾನು ಅದನ್ನ ಮುಟ್ಟಲ್ಲ," ಎಂದರು. ಅವರನ್ನು ಬೈಯಲು ಬಾಯಿ ತುಂಬ ಮಾತು ತಂದಿದ್ದವಳು ನಾನು ಪೈಪು ತರಲು ಮೆಟ್ಟಿಲು ಹತ್ತಿದೆ. ಹತ್ತುವಾಗ ಅಳು ಬಂತು.

ಮಾರನೆಯ ದಿನ ಅಕ್ಕ ಎಂಜಿನಿಯರ್ ಹತ್ತಿರ ಹೋಗಿ, "ಗುಡ್ಡೆಗೆ ನಮ್ಮ ಮನೆ ಕಡೆಯಿಂದ ನೀರು ಬಿದ್ದಿದೆ ಸರ್. ಇನ್ನು ಬೀಳಲ್ಲ," ಎಂದಳು. ಅವನು ತಲೆಯೆತ್ತಿ ತಾರಸಿಯ ಟೊಮೆಟೊ ಗಿಡಗಳನ್ನು ನೋಡಿದ, ಅಕ್ಕನನ್ನು ನೋಡಿದ. ಉಂಡೆಯ ಒಳಗೆ ನೀರಿರುವುದು ಅವನಿಗೂ ಅಷ್ಟರಲ್ಲಿ ಗೊತ್ತಾಗಿತ್ತು. "ಇನ್ನೊಂದು ಸಲ ಒಗೆಯೋಕೆ ನಾನು ಕೇಳಿ ಒಪ್ಪಿಸ್ತೀನಿ ಅಕ್ಕಾ. ಮೂರನೇ ಸಲಕ್ಕೆ ಅವರು ಒಪ್ಪಲ್ಲ," ಎಂದ. ಅಮ್ಮ ಎನ್ನುತ್ತಿದ್ದವನು ಅವತ್ತು ಮೊದಲ ಸಲ ಅಕ್ಕಾ ಎಂದನಂತೆ. ಈ ವಿಷಯವನ್ನು ಅಕ್ಕ ನನಗೆ ಎರಡು ಸಲ ಹೇಳಿದಳು.

ಈಗ ಆ ಗುಡ್ಡೆಯನ್ನು ತೆಳ್ಳಗೆ ಹರಡಿ, ಪೂರಾ ಒಣಗಿಸಿ, ಪ್ರತಿಯೊಂದು ಹೆಂಟೆಯನ್ನೂ ಒಡೆದು ಪುಡಿ ಮಾಡಬೇಕು. ಯಂತ್ರಕ್ಕೆ ಸಿಕ್ಕದ ಹೆಂಟೆಗಳಿಗೆ ಕೈಯೇ ಗತಿ. ಮಾವ ಹಿತ್ತಿಲ ಬಾಗಿಲಲ್ಲಿ ನಿಂತು, "ನಾನು ಬರ್ಲಾ?" ಎಂದು ಅಕ್ಕನನ್ನು ಕೇಳಿದರು. ಅಕ್ಕ ಎಂಜಿನಿಯರನ್ನು ಕೇಳಿದಳು. ಅವನು ಒಂದು ಮಾಸ್ಕು, ಒಂದು ಜೊತೆ ಕೈಗವಸು ತರಿಸಿಕೊಟ್ಟ, ಸ್ಟೂಲು ಹಾಕಿಸಿದ. ಮಾವ ಮರದ ಕೊಡತಿ ಹಿಡಿದು ಕೂತರು. ನಮ್ಮ ಮನೆಯ ಹಳೇ ಬಟ್ಟೆ ಬಡಿಯುವ ಕೊಡತಿ ಅದು, ಕಿಡಿ ಹಾರುವ ಭಯವಿಲ್ಲ. ಡಿಪೋಗೆ ಹೋಗುತ್ತಿದ್ದಾಗಿನ ಹಾಗೆ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೋಗಿ ಸಂಜೆ ಬರುತ್ತಿದ್ದರು. ಮಾವ, ಸೊಸೆ ಇಬ್ಬರೂ ಹಿತ್ತಿಲಲ್ಲಿ ಬಟ್ಟೆ ಬದಲಾಯಿಸಲು ಪಾಳಿ ಹಚ್ಚುವುದನ್ನು ನೋಡಿ ಭಾವ, "ಮನೇಲಿ ಈಗ ಬಸ್ ಓಡಿಸೋ ನಾನೊಬ್ನೇ ಬೇಕಾರು," ಎಂದು ನಗುತ್ತಿದ್ದರು.

ಧೂಳಿನ ಮಾತು ಕೇಳಬೇಡಿ. ಮೊದಲಿನದು ಧೂಳೇ ಅಲ್ಲ ಅನ್ನುವ ಹಾಗಿತ್ತು. ನಾನು ತಾರಸಿಯ ಹಗ್ಗಗಳನ್ನೆಲ್ಲ ಬಿಚ್ಚಿ ಮನೆಯೊಳಗೆ ಕಟ್ಟಿದೆ. ಅಡುಗೆಮನೆಯಲ್ಲಿ ಊರವರ ಅಂಗಿಗಳು, ಮಲಗುವ ಕೋಣೆಯಲ್ಲಿ ಊರವರ ಹೊದಿಕೆಗಳು. ಊಟಕ್ಕೆ ಕೂತರೆ ಯಾರದೋ ಪ್ಯಾಂಟಿನ ಕಾಲು ತಲೆಗೆ ತಾಗುವುದು. ನಮ್ಮವರು ಒಂದು ದಿನ ತಟ್ಟೆ ಹಿಡಿದು ಬಟ್ಟೆಗಳ ನಡುವೆ ದಾರಿ ತಪ್ಪಿ, "ಲೇ, ನೀನು ಎಲ್ಲಿದೀಯೆ," ಎಂದು ಕೂಗಿದರು. ನಾನು ಗೊಣಗಲಿಲ್ಲ. ಬೀದಿಯವರು ನನಗೆ ಹುಷಾರಿಲ್ಲವೇನೋ ಎಂದು ವಿಚಾರಿಸಿಕೊಂಡು ಹೋದರು.

ಎರಡನೆಯ ಒಗೆತದ ದಿನ ನಾನು ತಾರಸಿಯಿಂದಲೇ ನೋಡಿದೆ. ಡ್ರಮ್ಮು ತಿರುಗಿತು. ಮೊದಲು ಬಸಿದ ಸಾಲ್ವೆಂಟ್ ಗಾಜಿನ ಕೊಳವೆಯಲ್ಲಿ ಕಡು ಡಿಕಾಕ್ಷನ್ ಹಾಗೆ ಇಳಿಯಿತು. ಎರಡನೆಯದು ತೆಳು ಟೀ. ಅಕ್ಕ ಇನ್ನೂ ಒಂದು ಸಲ ಬಿಡಿ ಎಂದು ಕೈ ಮಾಡಿದಳು, ಎಂಜಿನಿಯರ್ ತಲೆಯಾಡಿಸಿದ. ಆಮೇಲೆ ಇಳಿದದ್ದು ಬರೀ ತಿಳಿನೀರಿನ ಬಣ್ಣ. ಅಕ್ಕ ಕೊಳವೆಯ ಮುಂದೆ ಬಗ್ಗಿ ನೋಡಿ, ಮಾವನ ಕಡೆ ತಿರುಗಿದಳು. ಮಾಸ್ಕಿನೊಳಗೆ ಇಬ್ಬರ ಮುಖವೂ ಕಾಣಲಿಲ್ಲ. ಮಾವ ಕೊಡತಿಯನ್ನು ಸ್ಟೂಲಿಗೆ ಒರಗಿಸಿಟ್ಟದ್ದು ಮಾತ್ರ ಕಂಡಿತು.

ಸೀಸೆಗಳು ಹೋದವು. ಪಾಸು.

ಸಿಹಿ ತಿಂದೆವು, ಭಾವ ಬೀದಿಗೆಲ್ಲ ಹಂಚಿದರು. ಕಾಂಕ್ರೀಟಿಗೆ ಕಾದಿದ್ದವರು ಮುಖ ಹುಳ್ಳಗೆ ಮಾಡಿಕೊಂಡು ಹೋದರು. ಆದರೆ ಮಾವ ಒಗೆದ ಮಣ್ಣನ್ನು ಒಂದು ಹಿಡಿ ಎತ್ತಿ, ಬೆರಳ ಸಂದಿಯಿಂದ ಸೋರಿಸಿ, ಪೆಚ್ಚಾಗಿ ನಿಂತರು. ಬೂದಿಯ ಬಣ್ಣ, ಹಿಟ್ಟಿನ ಹಾಗೆ ಜಾರುತ್ತಿತ್ತು. ಯಾವ ವಾಸನೆಯೂ ಇಲ್ಲ, ಮಣ್ಣಿನ ವಾಸನೆಯೂ ಇಲ್ಲ.

"ಡೀಸೆಲ್ ಹೋಯ್ತು, ಸರಿ. ಅದರ ಜೊತೆ ಜೀವಾನೂ ಹೋಗಿದೆ ಕಣಮ್ಮ," ಎಂದರು.

ಅಕ್ಕ ಅದನ್ನು ಅಲ್ಲಗಳೆಯಲಿಲ್ಲ. "ಹೌದು ಮಾವ. ಸಾಲ್ವೆಂಟಿಗೆ ಒಳ್ಳೇ ಜಿಡ್ಡು, ಕೆಟ್ಟ ಜಿಡ್ಡು ಅಂತ ಗೊತ್ತಾಗಲ್ಲ. ಎಲ್ಲಾನೂ ತೆಗೆಯುತ್ತೆ. ಗೊಬ್ಬರ, ಕೊಳೆತ ಎಲೆ ಎಲ್ಲ ಬೆರೆಸ್ತಾರೆ. ಕಾಯ್ಬೇಕು."

"ಎಷ್ಟು ಕಾಯ್ಬೇಕು?"

"ನೀವೇ ಹೇಳಿ."

ಮಾವ ಯೋಚಿಸಿದರು. "ಎರೆಹುಳ ಬರ್ಲಿ. ಅವತ್ತು ಒಪ್ಕೊಳ್ತೀನಿ. ಅಲ್ಲೀವರೆಗೂ ನಂಗೆ ನಿಮ್ಮ ಸೀಸೆ ಪರೀಕ್ಷೆ ಲೆಕ್ಕಕ್ಕಿಲ್ಲ."

ಮಣ್ಣನ್ನು ನೆಲಕ್ಕೆ ತುಂಬಿದರು, ಗೊಬ್ಬರ ಬೆರೆಸಿದರು, ಪಾತಿ ಕಟ್ಟಿ ಹಂಚಿದರು. ರಿಪೇರಿ ಗುಂಡಿ ಇದ್ದ ಜಾಗದ ಪಾತಿಯನ್ನು ಯಾರೂ ಕೇಳಲಿಲ್ಲ. ಮಾವ ಅದನ್ನೇ ಕೇಳಿ ಪಡೆದರು. ಕೈಗುದ್ದಲಿ ಹಿಡಿದು ದಿನಾ ಹಿತ್ತಿಲ ಬಾಗಿಲು ದಾಟಿ ಹೋಗುವರು, ಕೆದಕುವರು, ಬಗ್ಗಿ ನೋಡುವರು. ನೀರು ಹಾಕುವ ಕೆಲಸ ಮಾತ್ರ ನನ್ನ ತಲೆಗೆ ಬಂತು. ಪೈಪನ್ನು ಅವರು ಬೆರಳಿನಿಂದಲೂ ಮುಟ್ಟಲಿಲ್ಲ. "ಸಾಕಾ ಮಾವ, ಇನ್ನೊಂದು ಸ್ವಲ್ಪ ಹಾಕ್ಲಾ?" ಎಂದು ಕೇಳಿದರೆ, "ನಿಮ್ಮಕ್ಕನ್ನ ಕೇಳು," ಎನ್ನುವರು. ಅಕ್ಕ ಆಗಲೇ ಪೇಟೆಯ ಇನ್ನೊಂದು ಕಡೆ ಮುಚ್ಚಿದ ಪೆಟ್ರೋಲ್ ಬಂಕಿನ ಮಣ್ಣು ಒಗೆಯಲು ಹೋಗುತ್ತಿದ್ದಳು. ಹಾಗಾಗಿ ಎಷ್ಟು ನೀರು ಎಂಬುದನ್ನು ನಾನೇ ತೀರ್ಮಾನಿಸುತ್ತಿದ್ದೆ. ಇಸ್ತ್ರಿ ಬಿಟ್ಟು ಬಂದು ಪೈಪು ಹಿಡಿಯುವಾಗ ನನ್ನ ಗೊಣಗಾಟ ಮತ್ತೆ ಶುರುವಾಗಿತ್ತು, ಬೀದಿಯವರಿಗೆ ಸಮಾಧಾನವಾಯಿತು.

ಒಂದು ದಿನ ದಪ್ಪನೆಯ ಎರೆಹುಳ ಸಿಕ್ಕಿತು. ನಾನು ಕುಣಿದೆ. ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಗೊಬ್ಬರದ ಜೊತೆ ಬಂದಿರೋ ನೆಂಟ. ಇದನ್ನ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ," ಎಂದು ವಾಪಸ್ಸು ಬಿಟ್ಟರು. ನನಗೆ ರೇಗಿತು. "ಹುಳಾನೂ ನಿಮ್ಮ ಹತ್ರ ಪಾಸಾಗ್ಬೇಕಾ ಮಾವ?" ಎಂದೆ. ಅವರು ಅಲುಗಾಡಲಿಲ್ಲ. ಅಕ್ಕನಿಗೆ ಸಂಜೆ ಹೇಳಿದರೆ ಅವಳೂ ಮಾವನ ಕಡೆಯೇ. "ಅವರು ಹೇಳೋದು ಸರಿ ಇದೆ. ನೆಂಟರು ಇದ್ದು ಹೋಗ್ತಾರೆ," ಎಂದಳು. ಇಬ್ಬರೂ ಒಂದೇ ಮಣ್ಣಿನವರು ಎಂದುಕೊಂಡು ನಾನು ಒಲೆಯ ಕಡೆ ಹೋದೆ.

ಟೊಮೆಟೊ ಸಸಿಗಳು ಮೊದಮೊದಲು ಸೊರಗಿ, ಆಮೇಲೆ ಹಟ ಹಿಡಿದು ನಿಂತು, ಹೂ ಕಚ್ಚಿದವು. ಮಾವನ ಮಂಡಿಗೂ ಮೆಟ್ಟಿಲ ಕಾಟ ತಪ್ಪಿ ಸ್ವಲ್ಪ ಸುಖವಾಯಿತು. ಪಕ್ಕದ ಪಾತಿಯವರ ಜೊತೆ ಹರಟೆ ಹೊಡೆಯುವುದನ್ನೂ ಕಲಿತರು. ಆದರೂ ಕೆದಕುವುದು, ಬಗ್ಗಿ ನೋಡುವುದು ಬಿಡಲಿಲ್ಲ.

ಅವತ್ತು ಅಕ್ಕನಿಗೆ ರಜೆ. ಬೆಳಗಿನ ಬಿಸಿಲಲ್ಲಿ ಮಾವನ ಜೊತೆ ಪಾತಿಗೆ ಹೋಗಿದ್ದಳು. ನಾನು ಅಂಗಡಿಯಲ್ಲಿ ಒಂದು ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ನನ್ನ ಹೆಸರು ಹಿಡಿದು ಯಾರೋ ಕೂಗಿದರು. ಯಾರ ದನಿ ಎಂದು ಗೊತ್ತಾಗಲಿಲ್ಲ, ಅಂಥ ದನಿಯನ್ನು ನಾನು ಕೇಳಿಯೇ ಇರಲಿಲ್ಲ. ಎರಡನೆಯ ಸಲ ಕೂಗಿದಾಗ ಗೊತ್ತಾಯಿತು. ಅದು ಅಕ್ಕ. ಪಕ್ಕದಲ್ಲಿ ನಿಂತವರಿಗೂ ಕೇಳಿಸದ ಅಕ್ಕ ಅಂಗಳದ ನಡುವೆ ನಿಂತು, ಗೋಡೆ, ಹಿತ್ತಿಲು, ಅಡುಗೆಮನೆ ಎಲ್ಲ ದಾಟಿ ಅಂಗಡಿಗೆ ಕೇಳುವ ಹಾಗೆ ಕೂಗುತ್ತಿದ್ದಳು. "ಬಾರೇ ಇಲ್ಲಿ, ಹುಟ್ಟಿದೆ ಕಣೇ, ಬಾರೇ."

ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿಟ್ಟು ಓಡಿದೆ.

ಮಾವ ಪಾತಿಯ ಅಂಚಿನಲ್ಲಿ ಕೂತಿದ್ದರು, ಅಂಗೈ ಚಾಚಿ. ಆ ಕಪ್ಪು ಗೆರೆ ಗೆರೆ ಅಂಗೈಯಲ್ಲಿ ಒಂದು ಚಿಟಿಕೆ ಮಣ್ಣು, ಮಣ್ಣಿನಲ್ಲಿ ದಾರದ ತುಂಡಿನಂಥ ಒಂದು ಹುಳ. ತೆಳ್ಳಗೆ, ನಸುಗೆಂಪು, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ಎಳೆಯದು. ಮೆಲ್ಲಗೆ ಹೊರಳುತ್ತಿತ್ತು.

"ಇದು ನೆಂಟ ಅಲ್ಲ," ಎಂದರು ಮಾವ. "ಇಲ್ಲೇ ಹುಟ್ಟಿದ್ದು." ಅಕ್ಕನ ಕಡೆ ನೋಡಿ, "ಒಪ್ಕೊಂಡೆ ಕಣಮ್ಮ. ನಾನು ಕೊಂದಿದ್ದನ್ನ ನೀನು ಬದುಕಿಸ್ದೆ," ಎಂದರು.

ಅಕ್ಕ ಇದ್ದ ದನಿಯನ್ನೆಲ್ಲ ನನ್ನನ್ನು ಕೂಗಿಯೇ ಖರ್ಚು ಮಾಡಿದ್ದಳು. ಅವಳ ಕಣ್ಣು ತುಂಬಿತ್ತು. ನನ್ನದಂತೂ ಹರಿಯುತ್ತಲೇ ಇತ್ತು, ನನಗೆ ಯಾವುದನ್ನೂ ಮೆತ್ತಗೆ ಮಾಡಲು ಬರುವುದಿಲ್ಲ. ಮಾವ ಹುಳವನ್ನು ಮಣ್ಣಿನ ಸಮೇತ ಮೆಲ್ಲಗೆ ಟೊಮೆಟೊ ಬುಡಕ್ಕೆ ಇಳಿಸಿ, ಮೇಲೆ ಒಂದಿಷ್ಟು ಪುಡಿ ಉದುರಿಸಿದರು. ಆಮೇಲೆ ಹಿತ್ತಿಲ ಬಾಗಿಲ ಪಕ್ಕ ಸುರುಳಿ ಸುತ್ತಿಟ್ಟಿದ್ದ ಪೈಪಿನ ಕಡೆ ನೋಡಿದರು, ಅಕ್ಕನ ಕಡೆ ನೋಡಿದರು.

"ಒಂಚೂರು ನೀರು ಹಾಕ್ಲೇನಮ್ಮ?" ಎಂದು ಕೇಳಿದರು.

ಅಕ್ಕ ಹೋಗಿ ಪೈಪು ತಂದು ಅವರ ಕೈಗೆ ಕೊಟ್ಟಳು. "ಹಾಕಿ ಮಾವ. ಎಷ್ಟು ಬೇಕಾದ್ರೂ ಹಾಕಿ," ಎಂದಳು. ನಾನು ಒಳಗೆ ಹೋಗಿ ನಲ್ಲಿ ತಿರುಗಿಸಿದೆ.